ಸಿ ಅಲ್ಲ, ಬಿ

ಹನ್ನೊಂದು ವರ್ಷ ಕತ್ತರಿ ಎಂದರೆ ನನಗೆ ಸಿ.
ಎಡಗೈಯ ತೋರುಬೆರಳು ತಾನೇ ಹೋಗಿ ಕೂರುತ್ತಿತ್ತು,
ಕರೆಂಟು ಬಂದ ಕೂಡಲೇ
ಸ್ವಿಚ್ಚಿಗೆ ಕೈ ಹೋಗುವ ಹಾಗೆ.
ಹೊಸದರಲ್ಲಿ ಕತ್ತರಿ ಬಿ.
ಸಿ ಒತ್ತಿದರೆ ಏನೂ ಆಗುವುದಿಲ್ಲ,
ಟುಂಕ್ ಎಂದೊಂದು ಸದ್ದು,
ಸಾಲ ಕೊಡಲೊಲ್ಲದವನು ಲೊಚಗುಟ್ಟಿದ ಹಾಗೆ.

ಗೋಣಿಕೊಪ್ಪಲು. ಬಸ್‌ಸ್ಟ್ಯಾಂಡಿನ ಹಿಂದೆ
ಹಂದಿಮಾಂಸದಂಗಡಿಯ ಮೇಲೆ ನನ್ನ ಸ್ಟುಡಿಯೊ,
ಹತ್ತಡಿಗೆ ಎಂಟಡಿ.
ಕೆಳಗೆ ಕೊರಡಿನ ಮೇಲೆ ಕತ್ತಿ ಬೀಳುತ್ತಿರುತ್ತದೆ,
ಮೇಲೆ ನಾನು ಕತ್ತರಿಸುತ್ತಿರುತ್ತೇನೆ.
ಅವನ ಕತ್ತಿಗೆ ಅಪ್‌ಡೇಟ್ ಇಲ್ಲ.

ನನ್ನ ಹಳೆಯದು ಯಾರೋ ಬೀಗ ಒಡೆದು ಕೊಟ್ಟದ್ದು.
ಒಂದು ಬೆಳಿಗ್ಗೆ ತೆರೆದರೆ ಬಾಡಿಗೆ ಕೇಳಿತು,
ಡಾಲರಿನಲ್ಲಿ, ತಿಂಗಳು ತಿಂಗಳು.
ಹಾಡೊಂದಕ್ಕೆ ನನಗೆ ಸಿಗುವುದು ಆರು ಸಾವಿರ,
ಅದೂ ‘ಹುತ್ತರಿ ಕಳೆಯಲಿ ಅಕ್ಕಾ,
ಕಾಫಿ ಮಾರಿದ ಮೇಲೆ.’

ಶಿಹಾಬ್ ವಿರಾಜಪೇಟೆಯಿಂದ ಪೆನ್‌ಡ್ರೈವಿನಲ್ಲಿ ಇದನ್ನು ತಂದ.
‘ಪುಕ್ಕಟೆ. ಕದ್ದದ್ದಲ್ಲ ಅಕ್ಕಾ, ಪುಕ್ಕಟೆ.’
ಅವೆರಡು ಬೇರೆ ಬೇರೆ ಎಂಬುದು
ಈ ಕೋಣೆಗೆ ಹೊಸ ಸುದ್ದಿ.

ಹಳೆಯ ಹಾಡುಗಳನ್ನು ಒಂದೊಂದಾಗಿ ದಾಟಿಸಿದೆವು.
ಕಟ್ಟುಗಳು ಬಂದವು, ಬಣ್ಣ ಬರಲಿಲ್ಲ.
ಒಂದರೊಳಗೊಂದು ಕರಗುತ್ತಿದ್ದ ದೃಶ್ಯಗಳು
ಈಗ ಮುಖಕ್ಕೆ ಮುಖ ಕೊಟ್ಟು ನಿಂತವು.
ನಾನು ನಿಧಾನ ಮಾಡಿದ್ದೆಲ್ಲ
ತನ್ನ ತನ್ನ ವೇಗಕ್ಕೆ ಹೊರಟುಹೋಗಿತ್ತು.

ಹಾಗೆ ಸಿಕ್ಕರು ಪೂಣಚ್ಚಜ್ಜ.
ಬಾಳೆಲೆಯ ಕಾಫಿ ಕಣ, ಸಂಜೆ ನಾಲ್ಕೂವರೆ,
ಕಪ್ಪು ಕುಪ್ಯದ ತೋಳು ಮಡಚಿ, ದುಡಿ ಹಿಡಿದು.
ಹಾಡನ್ನು ಮೈಸೂರಿನ ಹುಡುಗ ಮೊದಲೇ ಕೀಬೋರ್ಡಿನಲ್ಲಿ ಕಟ್ಟಿದ್ದ,
ನಿಮಿಷಕ್ಕೆ ತೊಂಬತ್ತಾರು, ಒಂದು ಕೂದಲೂ ಅಲುಗದಂತೆ.
ಅದಕ್ಕೆ ಹೊಂದಿಸಲು
ಅಜ್ಜನ ಕೈಯನ್ನು ಎಂಬತ್ತೆಂಟು ಪರ್ಸೆಂಟಿಗೆ ಇಳಿಸಿದ್ದೆ,
ಕೆಲವೆಡೆ ಎಂಬತ್ತಕ್ಕೆ.

ಬಿಡುಗಡೆಯ ದಿನ ಶಾಲೆಯ ಹಾಲಿನಲ್ಲಿ ನೋಡಿ ಕೇಳಿದ್ದರು:
‘ಕೈ ನಂದೇ ಮಗಾ.
ಅಷ್ಟು ಸುಸ್ತಾಗಿತ್ತಾ ನಂಗೆ ಆವತ್ತು?’
‘ಸ್ಲೋ ಮೋಷನ್ ಅಜ್ಜ, ಚೆಂದಕ್ಕೆ’ ಎಂದಿದ್ದೆ.
ಸುತ್ತ ನಿಂತವರೆಲ್ಲ ನಕ್ಕಿದ್ದರು. ಅವರೂ.

ಈಗ ಕೈ ಸದ್ದಿಗಿಂತ ಮೊದಲೇ ಚರ್ಮ ಮುಟ್ಟುತ್ತದೆ.
ಮೈಸೂರನ್ನು ಮ್ಯೂಟ್ ಮಾಡಿದೆ.
ಕ್ಯಾಮೆರಾದ ಸ್ವಂತ ಕಿವಿಯಲ್ಲಿ
ಗಾಳಿ, ಒಂದು ನಾಯಿ, ಚಾರ್ಜರ್ ಕೇಳುವ ಯಾರೋ,
ಇವುಗಳ ನಡುವೆ ದುಡಿ:
ಮೂರನೇ ಸಾಲಿನ ತುದಿಗೆ ಓಡುತ್ತದೆ,
ಅವರು ಉಸಿರೆಳೆಯುವಲ್ಲಿ ಕಾಯುತ್ತದೆ,
ಮತ್ತೆ ಸೇರಿಕೊಳ್ಳುತ್ತದೆ, ಕೇಳದೆ.

ಹೊಸದು ಉಪಕಾರಿ. ‘ತಾಳ ಗುರುತಿಸಲೇ?’ ಎಂದಿತು.
ಗುರುತಿಸಿತು. ಟೈಮ್‌ಲೈನಿನ ಉದ್ದಕ್ಕೂ ನೀಲಿ ಕಂಬಗಳು,
ಅಳೆದು ನೆಟ್ಟ ಸೋಲಾರ್ ಬೇಲಿ.
ಅಜ್ಜ ಆನೆಯ ಹಾಗೆ ಒಂದು ಕ್ಷಣ ನಿಂತು ನೋಡಿ
ತಮಗೆ ಬೇಕಾದಲ್ಲಿ ದಾಟಿದರು.

ಇನ್ನೊಂದು ವಿಷಯ, ಹೆಸರಿನದು.
ಹಳೆಯದಕ್ಕೆ ಒತ್ತಕ್ಷರ ಗೊತ್ತಿರಲಿಲ್ಲ.
ಪೂಣಚ್, ಆಮೇಲೊಂದು ಗೆರೆಯಷ್ಟು ಜಾಗ, ಆಮೇಲೆ ಚ,
ಬಸ್ಸು ತಪ್ಪಿಸಿಕೊಂಡವನಂತೆ ಬೇರೆಯಾಗಿ.
ಬೇರೆಲ್ಲೋ ಬರೆದು, ಫೋಟೊ ತೆಗೆದು ಅಂಟಿಸುತ್ತಿದ್ದೆ.
ಆ ಫೋಟೊದಲ್ಲಿ ಪೂ ಪು ಆಗಿತ್ತು.
ತಿದ್ದಲು ಅದು ಅಕ್ಷರವಾಗಿ ಉಳಿದಿರಲಿಲ್ಲ.
ಮೂರು ವರ್ಷ, ನಲವತ್ತು ಸಾವಿರ ಜನ ನೋಡಿದ ಪು.

ನಿನ್ನೆ ನೇರ ಬರೆದೆ.
ದೀರ್ಘ ಎಳೆಯಿತು. ಚ ಬಂತು,
ಇನ್ನೊಂದು ಚ ಸುಮ್ಮನೆ ಹೋಗಿ ಅದರಡಿ ಕೂತಿತು.
ಶಿಹಾಬನಿಗೆ ಕನ್ನಡ ಓದಲು ನಿಧಾನ.
ಆದರೂ ‘ಹಾಂ’ ಎಂದ.

ಹಾಡನ್ನು ಮತ್ತೆ ಕತ್ತರಿಸುತ್ತಿದ್ದೇನೆ.
ಯಾರೂ ಕೇಳಿಲ್ಲ, ದುಡ್ಡಿಲ್ಲ,
ನಾಳಿದ್ದು ಕೊಡಬೇಕಾದ ಮದುವೆ ಎರಡು ಬಾಕಿ.
ಕೊನೆಯ ಸಾಲು, ಕೊನೆಯ ಪೆಟ್ಟು.
ಬೆರಳು ಸಿ ಒತ್ತಿತು. ಟುಂಕ್.

ದೃಶ್ಯ ನಿಲ್ಲಲಿಲ್ಲ.
ಮೊದಲ ಸಲ ನಾನು ಎಸೆದಿದ್ದ ಭಾಗಕ್ಕೆ
ನಡೆದುಕೊಂಡು ಹೋಯಿತು:
ಅಜ್ಜ ದುಡಿಯನ್ನು ಕಂಕುಳಿಗೆ ಸಿಕ್ಕಿಸಿ
ಮೂಗು ತುರಿಸಿಕೊಂಡು
ಕ್ಯಾಮೆರಾ ಬಿಟ್ಟು ಅದರ ಹಿಂದಿದ್ದ ನನ್ನನ್ನು ನೋಡಿ
‘ಆಯ್ತಾ?’ ಎನ್ನುತ್ತಾರೆ.

ಬಿ ಎಲ್ಲಿದೆ ಅಂತ ನಂಗೊತ್ತು ಶಿಹಾಬ್.
ತೋರಿಸಬೇಡ.